14 ಪೌಂಡ್ ಟರ್ಕಿ ಕೋಳಿ, ಚಿಕ್ಕ ಓವನ್, ಮನೆಯಲ್ಲಿ ಅತ್ತೆ: ಯಾವ ರೀತಿ ಬೇಯಿಸಿದರೆ ಒಳ್ಳೇದು?

ಹಾಸನದ_ಸೊಸೆ, ಕೊಲಂಬಸ್, ಒಹಾಯೊ
ಶನಿವಾರ ಬೆಳಗ್ಗೆ

ಎಲ್ಲರಿಗೂ ನಮಸ್ಕಾರ. ಬರುವ ಗುರುವಾರ ಇಲ್ಲಿಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟ ನಮ್ಮ ಮನೆಯಲ್ಲಿ. ನನ್ನನ್ನು ಒಂದು ಮಾತೂ ಕೇಳದೆ ನಮ್ಮ ಯಜಮಾನರು ಆಫೀಸಿನ ಎರಡು ಸಂಸಾರಗಳನ್ನು ಕರೆದಿದ್ದಾರೆ. ನಾವೂ ಸೇರಿ ಒಂಬತ್ತು ಜನ, ಅದರಲ್ಲಿ ಇಬ್ಬರು ಸಸ್ಯಾಹಾರಿಗಳು. ಇಷ್ಟು ಡಾಲರ್ ಸಾಮಾನು ಕೊಂಡರೆ ಟರ್ಕಿ ಪುಕ್ಕಟೆ ಅಂತ ಅಂಗಡಿಯಲ್ಲಿ ಬೋರ್ಡ್ ಹಾಕಿದ್ದರಂತೆ. 14 ಪೌಂಡಿನದೊಂದು ಹೊತ್ತು ತಂದರು. ಆರು ಕೆ.ಜಿ.ಗೂ ಜಾಸ್ತಿ! ಸದ್ಯ ಅರ್ಧ ಫ್ರೀಜರ್ ಹಿಡಿದು ಮಲಗಿದೆ.

ನನಗೆ ನಾಟಿ ಕೋಳಿ ಸಾರು ಗೊತ್ತು, ಬಿರಿಯಾನಿ ಗೊತ್ತು, ಕಬಾಬ್ ಗೊತ್ತು. ಇಡೀ ಹಕ್ಕಿಯನ್ನು ಓವನ್ನಿಗೆ ಇಟ್ಟು ಗೊತ್ತಿಲ್ಲ. ನಮ್ಮ ಓವನ್ ಇಲ್ಲಿಯವರೆಗೆ ಬಾಣಲೆ, ಕುಕ್ಕರ್ ಇಡುವ ಕಪಾಟು ಅಷ್ಟೇ. ಅಪಾರ್ಟ್‌ಮೆಂಟಿನ ಗ್ಯಾಸ್ ಓವನ್, ಒಳಗೆ ಒಂದೇ ರ‍್ಯಾಕ್.

ಈಗ ಒಬ್ಬೊಬ್ಬರದು ಒಂದೊಂದು ಸಲಹೆ. ಪಕ್ಕದ ಮನೆಯಾಕೆ ಪ್ಲಾಸ್ಟಿಕ್ ಬ್ಯಾಗಿನಲ್ಲಿ ಕಟ್ಟಿ ಓವನ್ನಿಗೆ ಇಡು ಅನ್ನುತ್ತಾರೆ. ಯಜಮಾನರ ಸಹೋದ್ಯೋಗಿ ಎಣ್ಣೆಯಲ್ಲಿ ಇಡಿಯಾಗಿ ಕರಿಯಿರಿ ಅನ್ನುತ್ತಾರೆ. ವಿಡಿಯೋ ನೋಡಿದರೆ ಬೆನ್ನುಮೂಳೆ ಕಿತ್ತು ಚಪ್ಪಟೆ ಮಾಡಿ ಅನ್ನುತ್ತಾರೆ. ಉಪ್ಪುನೀರಿನ ಬಕೆಟ್‌ನಲ್ಲಿ ರಾತ್ರಿಯಿಡೀ ಮುಳುಗಿಸಬೇಕು ಅಂತ ಇನ್ನೊಬ್ಬರು. ನಮ್ಮ ಅತ್ತೆ ಊರಿಂದ ಬಂದಿದ್ದಾರೆ. ಅವರದು ಒಂದೇ ಮಾತು: "ಇಷ್ಟು ದೊಡ್ಡದನ್ನ ಯಾರಾದ್ರೂ ಇಡೀದು ಬೇಯಿಸ್ತಾರಾ? ಕುಯ್ದು ಸಾರು ಮಾಡು."

ಅತ್ತೆಗೆ ಒಣಕಲು ಮಾಂಸ ಸೇರುವುದಿಲ್ಲ. ಬರುವವರಿಗೆ ಅಮೆರಿಕದ ಊಟದ ಹಾಗೆಯೇ ಇರಬೇಕು ಅಂತ ಆಸೆ. ಈ ಎಲ್ಲ ರೀತಿಗಳಲ್ಲಿ ನಿಜವಾಗಿ ವ್ಯತ್ಯಾಸ ಏನು? ಮಾಡಿದವರು ದಯವಿಟ್ಟು ಹೇಳಿ. ಮಸಾಲೆ ಹಚ್ಚಬಹುದಾ ಅನ್ನುವುದನ್ನೂ ಹೇಳಿ.


ಮದ್ದೂರಿನವ, ರಾಲಿ, ನಾರ್ತ್ ಕೆರೊಲಿನಾ

ತಾಯಿ, ಇದನ್ನು ಓದುತ್ತಿರುವ ಹಾಗೆಯೇ ಎದ್ದು ಹೋಗಿ ಆ ಟರ್ಕಿಯನ್ನು ಫ್ರೀಜರಿನಿಂದ ತೆಗೆದು ಕೆಳಗಿನ ಫ್ರಿಜ್‌ಗೆ ಹಾಕಿ. ಉಳಿದದ್ದು ಆಮೇಲೆ ಓದಿ. ನಾಲ್ಕೈದು ಪೌಂಡಿಗೆ ಒಂದು ದಿನ ಅಂತ ಲೆಕ್ಕ. ನಿಮ್ಮದು ಕರಗಲು ಮೂರರಿಂದ ಮೂರೂವರೆ ದಿನ ಬೇಕು. ಇವತ್ತು ಇಟ್ಟರೆ ಮಂಗಳವಾರ ಸಂಜೆಗೆ ಕೈಗೆ ಬರುತ್ತದೆ. ಅಂಚಿರುವ ತಟ್ಟೆಯಲ್ಲಿ, ಎಲ್ಲಕ್ಕಿಂತ ಕೆಳಗಿನ ಹಲಗೆ ಮೇಲೆ ಇಡಿ. ಕೆಂಪು ನೀರು ಸೋರಿ ಕೊತ್ತಂಬರಿ ಸೊಪ್ಪಿನ ಮೇಲೆ ಬೀಳಬಾರದು. ಅಡುಗೆಕಟ್ಟೆ ಮೇಲೆ ಇಟ್ಟು ಕರಗಿಸುವ ಕೆಲಸ ಬೇಡ. ಒಳಗೆ ಐಸ್ ಇರುವಾಗಲೇ ಹೊರಗಡೆ ಕೆಡಲು ಶುರುವಾಗಿರುತ್ತದೆ. ಮಂಗಳವಾರವೂ ಗಟ್ಟಿಯಾಗಿದ್ದರೆ ಕವರ್ ಸಮೇತ ಸಿಂಕಿನಲ್ಲಿ ತಣ್ಣೀರಿಗೆ ಹಾಕಿ ಅರ್ಧ ಗಂಟೆಗೊಮ್ಮೆ ನೀರು ಬದಲಿಸಿ.

ಈಗ ವಿಷಯಕ್ಕೆ ಬರುತ್ತೇನೆ. ಟರ್ಕಿಯಲ್ಲಿ ಇರುವ ತೊಂದರೆ ಒಂದೇ. ಅದರ ಎದೆ ಬೇರೆ, ತೊಡೆ ಬೇರೆ. ಎದೆ ಭಾಗ ಬಿಳಿ ಮಾಂಸ, ಕೊಬ್ಬಿಲ್ಲ. 165 ಡಿಗ್ರಿ ಫ್ಯಾರನ್‌ಹೀಟ್ ದಾಟಿ ಸ್ವಲ್ಪ ಮೇಲೆ ಹೋದರೂ ಒಣಗಿ ಎಳೆಎಳೆಯಾಗುತ್ತದೆ. ತೊಡೆ, ಕಾಲು ಹಾಗಲ್ಲ. ಅಲ್ಲಿ ನಾರು ಜಾಸ್ತಿ. 165ಕ್ಕೆ ತಿನ್ನಬಹುದು, ಆದರೆ ರಬ್ಬರು. 175, 180ಕ್ಕೆ ಹೋದಾಗಲೇ ಆ ನಾರು ಕರಗಿ ಮಾಂಸ ಮೂಳೆ ಬಿಡುವುದು. ಇಡಿಯಾಗಿ ಇಟ್ಟಾಗ ಆಗುವುದು ಉಲ್ಟಾ. ಬೇಗ ಬೇಯುವ ಎದೆ ಮೇಲೆ, ಬಿಸಿಗೆ ಎದುರಾಗಿ. ನಿಧಾನ ಬೇಯುವ ತೊಡೆ ಕೆಳಗೆ, ಪಾತ್ರೆಯ ಗೋಡೆಯ ಮರೆಯಲ್ಲಿ. ತೊಡೆ ಬೇಯಲಿ ಅಂತ ಕಾದರೆ ಎದೆ ಸತ್ತಿರುತ್ತದೆ. ಅಮೆರಿಕದವರು ಟರ್ಕಿ ಒಣಕಲು ಅಂತ ಬೈದುಕೊಳ್ಳುತ್ತಾ ಗ್ರೇವಿ ಸುರಿದುಕೊಳ್ಳುವುದು ಇದಕ್ಕೇ.

ನೀವು ಕೇಳಿದ ಎಲ್ಲ ರೀತಿಗಳೂ ಈ ಒಂದು ತೊಂದರೆಗೆ ಹುಡುಕಿದ ಉಪಾಯಗಳು. ಹಾಗೆ ನೋಡಿದರೆ ಆರಿಸುವುದು ಸುಲಭ.

ಇಡಿಯಾಗಿ ಬೇಯಿಸುವುದು: 325 ಡಿಗ್ರಿ, ಒಳಗೆ ಏನೂ ತುಂಬದಿದ್ದರೆ 14 ಪೌಂಡಿಗೆ ಮೂರೂಮುಕ್ಕಾಲು ಗಂಟೆಯ ಆಸುಪಾಸು. ಫೋಟೋ ಚೆನ್ನಾಗಿ ಬರುತ್ತದೆ. ಅರ್ಧ ಗಂಟೆಗೊಮ್ಮೆ ಬಾಗಿಲು ತೆಗೆದು ರಸ ಸುರಿಯುವ ಪದ್ಧತಿಯೊಂದಿದೆ. ಅದರಿಂದ ಮಾಂಸದ ಒಳಗೆ ಒಂದು ಹನಿಯೂ ಹೋಗುವುದಿಲ್ಲ. ಓವನ್ ತಣ್ಣಗಾಗುತ್ತದೆ, ಚರ್ಮ ಮೆತ್ತಗಾಗುತ್ತದೆ, ಅಷ್ಟೇ ಲಾಭ.

ನನ್ನ ಓಟು ಬೆನ್ನುಮೂಳೆ ತೆಗೆದು ಚಪ್ಪಟೆ ಮಾಡುವುದಕ್ಕೆ. ಎದೆಯನ್ನು ಕೆಳಗೆ ಮಾಡಿ ಮಲಗಿಸಿ. ಗಟ್ಟಿ ಕಿಚನ್ ಕತ್ತರಿ ಬೇಕು, ಕಾಗದ ಕತ್ತರಿಸುವುದು ಆಗುವುದಿಲ್ಲ. ಬಾಲದ ಕಡೆಯಿಂದ ಶುರು ಮಾಡಿ ಬೆನ್ನುಮೂಳೆಯ ಒಂದು ಪಕ್ಕಕ್ಕೆ ಕತ್ತರಿಸುತ್ತಾ ಕುತ್ತಿಗೆವರೆಗೆ ಹೋಗಿ, ಆಮೇಲೆ ಇನ್ನೊಂದು ಪಕ್ಕ. ತೊಡೆಯ ಕೀಲಿನ ಹತ್ತಿರ ಕತ್ತರಿ ನಿಲ್ಲುತ್ತದೆ. ಅಲ್ಲಿ ಬಲ ಹಾಕಬೇಡಿ, ಒಂದು ಬೆರಳು ಆಚೆ ಸರಿಸಿ, ದಾರಿ ಸಿಗುತ್ತದೆ. ಮೂಳೆ ತೆಗೆದ ಮೇಲೆ ಹಕ್ಕಿಯನ್ನು ಮಗುಚಿ, ಎರಡೂ ಅಂಗೈ ಎದೆಮೂಳೆ ಮೇಲಿಟ್ಟು ಮೈಭಾರ ಹಾಕಿ. ಲಟಕ್ ಅನ್ನುತ್ತದೆ. ಪುಸ್ತಕ ಬಿಚ್ಚಿಟ್ಟ ಹಾಗೆ ಮಲಗುತ್ತದೆ. ಈಗ ತೊಡೆಗಳು ತಟ್ಟೆಯ ಅಂಚಿಗೆ, ಬಿಸಿಗೆ ನೇರ. ದಪ್ಪ ಎದೆ ನಡುವೆ. ಎರಡೂ ಹೆಚ್ಚುಕಡಿಮೆ ಒಟ್ಟಿಗೆ ಬೇಯುತ್ತವೆ. 425ರಿಂದ 450 ಡಿಗ್ರಿಯಲ್ಲಿ ಒಂದೂಕಾಲರಿಂದ ಒಂದೂವರೆ ಗಂಟೆ. ಚರ್ಮವೆಲ್ಲ ಮೇಲ್ಮುಖ, ಎಲ್ಲ ಕಡೆ ಗರಿಗರಿ.

ಒಂದು ಎಚ್ಚರಿಕೆ. ಇಷ್ಟು ಬಿಸಿಗೆ ತಟ್ಟೆಗೆ ಬಿದ್ದ ಕೊಬ್ಬು ಹೊಗೆಯಾಡುತ್ತದೆ, ಅಪಾರ್ಟ್‌ಮೆಂಟಿನ ಸ್ಮೋಕ್ ಅಲಾರಂ ಕೂಗುತ್ತದೆ. ತಟ್ಟೆಯಲ್ಲಿ ದಪ್ಪ ಹೆಚ್ಚಿದ ಈರುಳ್ಳಿ, ಕ್ಯಾರೆಟ್, ಎರಡು ಲೋಟ ನೀರು ಹಾಕಿ, ಅದರ ಮೇಲೆ ಜಾಲರಿ, ಜಾಲರಿ ಮೇಲೆ ಟರ್ಕಿ. ಆ ಈರುಳ್ಳಿ ನೀರೇ ಆಮೇಲೆ ಗ್ರೇವಿ.

ಉಪ್ಪುನೀರಿನ ಬಕೆಟ್ ಮರೆತುಬಿಡಿ. ಫ್ರಿಜ್‌ನಲ್ಲಿ ಜಾಗ ಎಲ್ಲಿದೆ? ನೀರಲ್ಲಿ ನೆನೆಸಿದ ಮಾಂಸ ತೂಕ ಬರುತ್ತದೆ ನಿಜ, ಆದರೆ ಕುಡಿದಿರುವುದು ನೀರನ್ನು. ರುಚಿ ಸಪ್ಪೆ. ಒಣ ಉಪ್ಪು ಹಚ್ಚಿ ಫ್ರಿಜ್‌ನಲ್ಲಿ ಮುಚ್ಚದೆ ಇಟ್ಟರೆ ಸಾಕು. ಮೊದಲು ಉಪ್ಪು ಮಾಂಸದ ನೀರನ್ನು ಹೊರಗೆಳೆಯುತ್ತದೆ. ಆ ನೀರಲ್ಲಿ ಕರಗಿ ನಿಧಾನಕ್ಕೆ ವಾಪಸ್ ಒಳಗೆ ಹೋಗುತ್ತದೆ. ಒಳಗೆ ಹೋದ ಉಪ್ಪು ಬೇಯುವಾಗ ರಸ ಹಿಡಿದಿಡುತ್ತದೆ. ಮೇಲೆ ಚರ್ಮ ಒಣಗುತ್ತದೆ, ಗರಿಗರಿಗೆ ಅದೇ ಬೇಕು.

ಅಳತೆಯಲ್ಲಿ ಜೋಪಾನ. ಇಲ್ಲಿನ ಕೋಷರ್ ಉಪ್ಪು, ಅಂದರೆ ದಪ್ಪ ಹರಳಿನ ಉಪ್ಪು, ಕಂಪನಿಯಿಂದ ಕಂಪನಿಗೆ ಬೇರೆ. ಡೈಮಂಡ್ ಕ್ರಿಸ್ಟಲ್ ಹಗುರ, ನಿಮ್ಮ ಹಕ್ಕಿಗೆ ಮೂರು ದೊಡ್ಡ ಚಮಚ. ಮಾರ್ಟನ್ ಕೋಷರ್ ಭಾರ, ಎರಡು ಚಮಚಕ್ಕಿಂತ ಒಂದು ಚೂರು ಕಡಿಮೆಯೇ ಇರಲಿ. ಅದಕ್ಕೂ ಮೊದಲು ಕವರ್ ಮೇಲಿನ ಸಣ್ಣ ಅಕ್ಷರ ಓದಿ. ಅಗ್ಗದ ಫ್ರೋಜನ್ ಟರ್ಕಿಗೆ ಕಂಪನಿಯವರೇ ಉಪ್ಪುನೀರು ಚುಚ್ಚಿರುತ್ತಾರೆ. ಶೇಕಡಾ ಇಷ್ಟು ದ್ರಾವಣ ಸೇರಿದೆ ಅಂತ ಬರೆದಿದ್ದರೆ ನಾನು ಹೇಳಿದ ಉಪ್ಪಿನಲ್ಲಿ ಅರ್ಧ ಹಾಕಿ.

ಮಸಾಲೆ ಹಚ್ಚಬಹುದಾ ಅಂದಿರಿ. ಧಾರಾಳವಾಗಿ. ಆದರೆ ಚರ್ಮದ ಕೆಳಗೆ. ಬೆರಳು ಹಾಕಿ ಚರ್ಮವನ್ನು ಎದೆ ಮಾಂಸದಿಂದ ಬಿಡಿಸಿ, ಆ ಸಂದಿಗೆ ಬೆಣ್ಣೆ, ಜಜ್ಜಿದ ಬೆಳ್ಳುಳ್ಳಿ, ಶುಂಠಿ, ಒರಟಾಗಿ ಕುಟ್ಟಿದ ಮೆಣಸು ಸೇರಿಸಿದ ಉಂಡೆ ತುರುಕಿ ಸವರಿ. ಹಾಸನದವರಿಗೆ ಸಕಲೇಶಪುರದ ಮೆಣಸು ನಾನು ಹೇಳಿಕೊಡಬೇಕಾ? ಅಚ್ಚಖಾರದ ಪುಡಿ, ಗರಂ ಮಸಾಲೆ ಚರ್ಮದ ಮೇಲೆ ಬಳಿದರೆ 425ರಲ್ಲಿ ಕರಕಲಾಗಿ ಕಹಿ ಬರುತ್ತದೆ. ಮೊಸರು ಹಚ್ಚಿದರೆ ಚರ್ಮ ಒದ್ದೆ. ಮೇಲೆ ಎಣ್ಣೆ, ಕರಿಮೆಣಸಿನ ಪುಡಿ, ಅಷ್ಟೇ.

ಇನ್ನೊಂದು. ನಮ್ಮ ಕಡೆ ಕೋಳಿ ತಂದ ತಕ್ಷಣ ಅರಿಶಿನ ಹಾಕಿ ತೊಳೆಯುತ್ತಾರೆ. ಇದನ್ನು ಸಿಂಕಿನಲ್ಲಿ ತೊಳೆಯಬೇಡಿ. ಇಷ್ಟು ದೊಡ್ಡ ಹಕ್ಕಿಯ ಮೇಲೆ ನಲ್ಲಿ ಬಿಟ್ಟರೆ ಹಸಿ ಮಾಂಸದ ನೀರು ಕಟ್ಟೆ, ಪಾತ್ರೆ, ನಿಮ್ಮ ಸೀರೆ ಎಲ್ಲದರ ಮೇಲೆ ಹಾರುತ್ತದೆ. ಇಲ್ಲಿನ ಕೃಷಿ ಇಲಾಖೆಯೂ ತೊಳೆಯಬೇಡಿ ಅಂತಲೇ ಹೇಳುವುದು. ಟಿಶ್ಯೂ ಪೇಪರಿನಲ್ಲಿ ಒರೆಸಿ ಸಾಕು. ಹಾಗೇ ಹೊಟ್ಟೆಯೊಳಗೆ ಕುತ್ತಿಗೆ ತುಂಡು, ಕುತ್ತಿಗೆ ಕಡೆಯ ಸಂದಿಯಲ್ಲಿ ಗುಂಡಿಗೆ, ಈಲಿ ಇರುವ ಚೀಲ ಅಡಗಿರುತ್ತದೆ. ಎರಡೂ ಕಡೆ ಕೈ ಹಾಕಿ ನೋಡಿ.

ಓವನ್ನಿಗಿಂತ ಮುಖ್ಯ ಥರ್ಮಾಮೀಟರ್. ಹದಿನೈದು, ಇಪ್ಪತ್ತು ಡಾಲರಿಗೆ ಸಿಗುತ್ತದೆ. ಗಡಿಯಾರ ನೋಡಿ ತೆಗೆಯಬೇಡಿ. ಎದೆಯ ದಪ್ಪ ಜಾಗಕ್ಕೆ, ಮೂಳೆಗೆ ತಾಗದ ಹಾಗೆ ಚುಚ್ಚಿ. 160 ತೋರಿಸಿದಾಗ ಹೊರಗೆ ತೆಗೆದು ಅರ್ಧ ಗಂಟೆ ಸುಮ್ನೆ ಬಿಡಿ. ಒಳಗಿನ ಬಿಸಿಗೇ 165 ಮುಟ್ಟುತ್ತದೆ. ಮುಟ್ಟಿತಾ ಅಂತ ಮತ್ತೆ ಚುಚ್ಚಿ ನೋಡಿ, ಮುಟ್ಟದಿದ್ದರೆ ಐದು ನಿಮಿಷ ವಾಪಸ್ ಓವನ್. ತೊಡೆ 175 ಇರಬೇಕು. ಟರ್ಕಿಗೇ ಚುಚ್ಚಿ ಕಳಿಸಿರುವ ಪ್ಲಾಸ್ಟಿಕ್ ಗುಂಡಿ ಮೇಲೇಳುವುದನ್ನು ಕಾಯಬೇಡಿ. ಅದು ಏಳುವ ಹೊತ್ತಿಗೆ ಎದೆ ಮುಗಿದಿರುತ್ತದೆ.

ಅತ್ತೆಗೆ ಸಾರು ಬೇಕಲ್ವಾ? ಕಿತ್ತ ಬೆನ್ನುಮೂಳೆ, ಕುತ್ತಿಗೆ, ರೆಕ್ಕೆಯ ತುದಿ, ಗುಂಡಿಗೆ ಎಲ್ಲ ಅವರ ಕೈಗೆ ಕೊಡಿ. ಬೆನ್ನುಮೂಳೆಯಲ್ಲಿ ಮಾಂಸ ಚೆನ್ನಾಗಿಯೇ ಇರುತ್ತದೆ. ಕೊತ್ತಂಬರಿ, ಮೆಣಸು, ಕಾಯಿ ರುಬ್ಬಿ ಹಾಕಿದರೆ ಬುಧವಾರ ರಾತ್ರಿ ಮುದ್ದೆಗೆ ಆಯಿತು.


ಧಾರವಾಡ_ಡಲ್ಲಾಸ್

ಮದ್ದೂರಿನ ಅಣ್ಣಾವರು ಎಣ್ಣೆಯ ಮಾತೇ ಎತ್ತಲಿಲ್ಲ ನೋಡ್ರಿ. ಹಂಗಾಗಿ ನಾ ಬರೆಯಬೇಕಾಯ್ತು. ರುಚಿ ಒಂದನ್ನೇ ನೋಡಿದರೆ ಕರಿದ ಟರ್ಕಿ ಮುಂದೆ ಯಾವುದೂ ಇಲ್ಲ. ಲೂಸಿಯಾನಾ ಮಂದಿ ಹುಟ್ಟುಹಾಕಿದ ಪದ್ಧತಿ, ಈಗ ಟೆಕ್ಸಸ್‌ನಲ್ಲೂ ಭಾಳ ಜನ ಮಾಡುತ್ತಾರೆ. 350 ಡಿಗ್ರಿ ಕಡಲೆಕಾಯಿ ಎಣ್ಣೆ, ಪೌಂಡಿಗೆ ಮೂರೂವರೆ ನಿಮಿಷ. 12 ಪೌಂಡಿನದು ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತದೆ. ಚರ್ಮ ಹಪ್ಪಳ. ಬೆಣ್ಣೆ, ಬೆಳ್ಳುಳ್ಳಿ, ಖಾರ ಕಲಸಿದ ನೀರನ್ನು ದಪ್ಪ ಸಿರಿಂಜಿನಲ್ಲಿ ಎದೆಗೆ ಚುಚ್ಚಿದರೆ ಒಳಗೂ ರುಚಿ.

ಆದರೆ ತಂಗಿ, ನೀವು ಮಾಡಬೇಡಿ. ಅಪಾರ್ಟ್‌ಮೆಂಟ್ ಅಂದಿರಿ, ಅಲ್ಲಿಗೇ ಮುಗಿಯಿತು. ಇದು ಬಯಲಲ್ಲಿ, ಮನೆಯಿಂದ ದೂರ, ಸಮತಟ್ಟಾದ ನೆಲದ ಮೇಲೆ ಮಾಡುವ ಕೆಲಸ. ಬಾಲ್ಕನಿ ಇಲ್ಲ, ಗ್ಯಾರೇಜ್ ಇಲ್ಲ, ಮರದ ಡೆಕ್ ಮೇಲಂತೂ ಇಲ್ಲವೇ ಇಲ್ಲ. ಅಮೆರಿಕದ ಮನೆಗಳಲ್ಲಿ ಅಡುಗೆ ಬೆಂಕಿ ಅವಘಡ ವರ್ಷದಲ್ಲೇ ಅತಿ ಜಾಸ್ತಿ ಆಗುವುದು ಥ್ಯಾಂಕ್ಸ್‌ಗಿವಿಂಗ್ ದಿನ. ಒಲೆ ಮೇಲೆ ಇಟ್ಟು ಮರೆತದ್ದು ಮೊದಲಾಗಿ ಕಾರಣ ಹಲವು. ಆದರೆ ಈ ಎಣ್ಣೆ ಕೊಪ್ಪರಿಗೆಯ ಬೆಂಕಿ ನೋಡಿದವರು ಮರೆಯುವುದಿಲ್ಲ. ಹಕ್ಕಿಯೊಳಗೆ ಒಂದು ತುಂಡು ಐಸ್ ಉಳಿದರೂ ಸಾಕು. ಕುದಿವ ಎಣ್ಣೆಯಲ್ಲಿ ಅದು ಒಮ್ಮೆಲೇ ಆವಿಯಾಗಿ ಉಬ್ಬುತ್ತದೆ, ಎಣ್ಣೆ ಉಕ್ಕಿ ಕೆಳಗಿನ ಉರಿಗೆ ಬೀಳುತ್ತದೆ.

ಮುಂದೆ ಸ್ವಂತ ಮನೆ, ಹಿತ್ತಲು ಆದಾಗ ಮಾಡುವವರಿಗೆ ಎರಡು ಮಾತು. ಎಣ್ಣೆ ಎಷ್ಟು ಬೇಕು ಅಂತ ನೀರಲ್ಲಿ ಅಳೆಯಿರಿ. ಖಾಲಿ ಕೊಪ್ಪರಿಗೆಗೆ ಹಕ್ಕಿ ಇಟ್ಟು, ಅದು ಮುಳುಗುವಷ್ಟು ನೀರು ಹಾಕಿ, ಹಕ್ಕಿ ತೆಗೆದ ಮೇಲೆ ನೀರು ನಿಂತ ಮಟ್ಟಕ್ಕೆ ಗುರುತು ಮಾಡಿ. ಎಣ್ಣೆ ಅಷ್ಟೇ. ಆಮೇಲೆ ಪಾತ್ರೆ, ಹಕ್ಕಿ ಎರಡನ್ನೂ ಚಲೋತ್ನಂಗ ಒರೆಸಿ ಒಣಗಿಸಿ. ಹಕ್ಕಿ ಇಳಿಸುವಾಗ ಉರಿ ಪೂರ್ತಿ ಆರಿಸಿ, ಪೂರ್ತಿ ಮುಳುಗಿದ ಮೇಲೆ ಮತ್ತೆ ಹಚ್ಚಿ. 14 ಪೌಂಡು ಇದಕ್ಕೆ ದೊಡ್ಡದಾಯ್ತು, 12ರ ಒಳಗೆ ಇರಲಿ. ಬರುವವರಲ್ಲಿ ಕಡಲೆಕಾಯಿ ಅಲರ್ಜಿ ಇದೆಯಾ ಅಂತ ಮೊದಲೇ ಕೇಳಿ. ಮೂರು ಗ್ಯಾಲನ್ ಎಣ್ಣೆಯ ರೇಟು ಕೇಳಿದರೆ ಪುಕ್ಕಟೆ ಟರ್ಕಿಯ ಖುಷಿ ಅಲ್ಲೇ ಇಳಿಯುತ್ತದೆ.


ಬಂಟ್ವಾಳದ_ಬಾಯಮ್ಮ, ಎಡಿಸನ್, ನ್ಯೂಜೆರ್ಸಿ

ನಾನು ಬ್ಯಾಗಿನ ಪಾರ್ಟಿ. ನಿಮ್ಮ ಪಕ್ಕದ ಮನೆಯಾಕೆ ಹೇಳಿದ್ದು ತಪ್ಪಲ್ಲ ಮಗಳೇ. ಮೊದಲ ಸಲ ಮಾಡುವವರಿಗೆ ಇಷ್ಟು ನೆಮ್ಮದಿಯದು ಬೇರೆ ಇಲ್ಲ. ಅದು ಮಾಮೂಲಿ ಪ್ಲಾಸ್ಟಿಕ್ ಅಲ್ಲ, ಓವನ್ ಬಿಸಿ ತಡೆಯುವ ಬ್ಯಾಗ್ ಅಂತಲೇ ಮಾರುತ್ತಾರೆ. ಟರ್ಕಿ ಸೈಜಿನದು ಕೇಳಿ ತನ್ನಿ. ಒಳಗೆ ಒಂದು ದೊಡ್ಡ ಚಮಚ ಮೈದಾ ಹಾಕಿ ಅಲ್ಲಾಡಿಸಿ, ಇಲ್ಲದಿದ್ದರೆ ಬ್ಯಾಗ್ ಒಡೆಯಬಹುದು. ಈರುಳ್ಳಿ ಹರಡಿ, ಮೇಲೆ ಹಕ್ಕಿ ಇಟ್ಟು ಬಾಯಿ ಕಟ್ಟಿ, ಮೇಲ್ಗಡೆ ಐದಾರು ಸಣ್ಣ ಸೀಳು ಹಾಕಿ. 350 ಡಿಗ್ರಿ. ನಿಮ್ಮ ತೂಕಕ್ಕೆ ಎರಡು, ಎರಡೂವರೆ ಗಂಟೆ. ಬ್ಯಾಗ್ ಉಬ್ಬಿ ಓವನ್ನಿನ ಗೋಡೆಗೆ ತಾಗಬಾರದು, ಚಿಕ್ಕ ಓವನ್ ಅಂದಿದ್ದೀರಿ, ಅದೊಂದು ನೋಡಿಕೊಳ್ಳಿ.

ಚರ್ಮ ಗರಿಗರಿ ಬರುವುದಿಲ್ಲ, ಒಪ್ಪುತ್ತೇನೆ. ನಮ್ಮ ಮನೆಯಲ್ಲಿ ಚರ್ಮ ತಿನ್ನುವವರೂ ಇಲ್ಲ. ಆದರೆ ತನ್ನದೇ ಆವಿಯಲ್ಲಿ ಬೇಯುವುದರಿಂದ ಮಾಂಸ ಮೆತ್ತಗೆ, ರಸ ಬೇಕಾದಷ್ಟು, ತಿಕ್ಕುವ ಪಾತ್ರೆ ಇಲ್ಲ. ಕೊಬ್ಬು ಹೊಗೆಯಾಡುವುದಿಲ್ಲ, ಅಲಾರಂ ಕೂಗುವುದಿಲ್ಲ. ಮದ್ದೂರಿನವರು ಎರಡೂ ಅಂಗೈ ಇಟ್ಟು ಲಟಕ್ ಅನ್ನಿಸಿ ಅಂತ ಸುಲಭಕ್ಕೆ ಹೇಳಿದರು. ನನ್ನ ವಯಸ್ಸಿನ ಕೈಗೆ ಆ ಕತ್ತರಿ ಕೆಲಸ ಆಗುವುದಿಲ್ಲ ಮಾರಾಯ್ರೆ.

ಹೊಟ್ಟೆಯೊಳಗೆ ಬ್ರೆಡ್ಡಿನ ಸ್ಟಫಿಂಗ್ ತುಂಬಬೇಡಿ. ಅದೂ 165 ಮುಟ್ಟಬೇಕು, ಅದು ಮುಟ್ಟುವವರೆಗೆ ಕಾದರೆ ಮಾಂಸ ಹೋಯಿತು. ಬೇರೆ ತಟ್ಟೆಯಲ್ಲಿ ತರಕಾರಿ ಬೇಯಿಸಿದ ನೀರು ಹಾಕಿ ಮಾಡಿದರೆ ಆ ಇಬ್ಬರು ಸಸ್ಯಾಹಾರಿಗಳೂ ತಿನ್ನುತ್ತಾರೆ. ಅವರ ಅಡುಗೆ ಓವನ್ನಿನಲ್ಲಿ ಬುಧವಾರವೇ, ಟರ್ಕಿಗೆ ಮೊದಲೇ ಮಾಡಿಬಿಡಿ. ಗುರುವಾರ ಬೆಳಗ್ಗೆ ಗಾಬರಿಯಾದರೆ ಬಟರ್‌ಬಾಲ್ ಕಂಪನಿಯವರ ಫೋನ್ ಲೈನ್ ಇದೆ, 1981ರಿಂದ ನಡೆಸುತ್ತಿದ್ದಾರೆ. ಯಾವ ಕಂಪನಿಯ ಟರ್ಕಿ ಆದರೂ ಕೇಳಬಹುದು.


ಮಡಿಕೇರಿ_ಮಳೆ, ಪೋರ್ಟ್‌ಲ್ಯಾಂಡ್

ಹೊಗೆಯಲ್ಲಿ ಬೇಯಿಸುವುದನ್ನು ಯಾರೂ ಹೇಳಲಿಲ್ಲ. ಒಲೆ ಮೇಲೆ ಹೊಗೆಗೆ ಕಟ್ಟಿ ಒಣಗಿಸಿದ ಹಂದಿ ಮಾಂಸ ತಿಂದು ಬೆಳೆದವರಿಗೆ ಆ ವಾಸನೆಯೇ ಬೇರೆ. ಆದರೆ ಸ್ಮೋಕರ್ ಬೇಕು. 250ರ ಆಸುಪಾಸಿನಲ್ಲಿ ಪೌಂಡಿಗೆ ಅರ್ಧ ಗಂಟೆ, ಅಂದರೆ ನಿಮ್ಮದಕ್ಕೆ ಏಳು ಗಂಟೆ. ಚರ್ಮ ತೊಗಲಾಗುತ್ತದೆ. ಸೇಬಿನ ಮರ, ಚೆರಿ ಮರ ಒಳ್ಳೇದು, ಮೆಸ್ಕೀಟ್ ಕಹಿ ಕೊಡುತ್ತದೆ. ನಿಮಗೆ ಈ ವರ್ಷ ಇದು ಆಗುವ ಕೆಲಸವಲ್ಲ. ಯಾವ ರೀತಿ ಮಾಡಿದರೂ ಗ್ರೇವಿಗೆ ಕೊನೆಗೆ ಒಂದು ಚಮಚ ಕಾಚಂಪುಳಿ, ಅಂದರೆ ನಮ್ಮ ಕೊಡಗಿನ ಕಪ್ಪು ಹುಳಿ, ಹಾಕಿ ನೋಡಿ. ಊರಿಂದ ಬಂದವರ ಹತ್ತಿರ ಇರಬಹುದು. ಕ್ರ್ಯಾನ್‌ಬೆರಿ ಹುಳಿಯ ಬದಲು ನಾನು ಅದನ್ನೇ ಬಳಸುವುದು.


ಹಾಸನದ_ಸೊಸೆ

ಎಲ್ಲರಿಗೂ ಥ್ಯಾಂಕ್ಸ್. ಟರ್ಕಿ ಫ್ರಿಜ್‌ಗೆ ಹೋಯಿತು. ಕವರ್ ಮೇಲೆ ಓದಿದೆ, ಶೇಕಡಾ 8ರಷ್ಟು ಉಪ್ಪುನೀರು ಸೇರಿದೆ ಅಂತಿದೆ. ಹಾಗಾದರೆ ಅರ್ಧ ಉಪ್ಪು.

ಓವನ್ ಅಳೆದೆ. ಒಳಗಿನ ಅಗಲ 17 ಇಂಚು. ಚಪ್ಪಟೆ ಮಾಡಿದ ಟರ್ಕಿಗೆ ಹೇಳುವ 18 ಇಂಚಿನ ತಟ್ಟೆ ಅಡ್ಡಕ್ಕೂ ಹಿಡಿಸುವುದಿಲ್ಲ, ಉದ್ದಕ್ಕೂ ಬಾಗಿಲು ಮುಚ್ಚುವುದಿಲ್ಲ. ಬ್ಯಾಗ್ ಉಬ್ಬಿದರೆ ಗೋಡೆಗೆ ತಾಗುವುದು ಖಂಡಿತ. ಎಣ್ಣೆ, ಹೊಗೆ ಎರಡೂ ಆಗುವುದಿಲ್ಲ. ಈಗ ಉಳಿದದ್ದು ಇಡಿಯಾಗಿ ಇಡುವುದು ಒಂದೇನಾ? ಅತ್ತೆಗೆ ನಿಮ್ಮೆಲ್ಲರ ಉತ್ತರ ಓದಿ ಹೇಳಿದೆ. "ಎದೆ ಬೇರೆ, ತೊಡೆ ಬೇರೆ ಅಂತ ಅವರೇ ಹೇಳ್ತಿದಾರಲ್ಲ, ಮತ್ತೆ ಒಟ್ಟಿಗೆ ಯಾಕೆ ಬೇಯಿಸ್ಬೇಕು?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.


ಮದ್ದೂರಿನವ

ನನ್ನ ಹತ್ತಿರವೂ ಇಲ್ಲ ತಂಗಿ! ನಿಮ್ಮ ಅತ್ತೆ ಹೇಳಿದ್ದೇ ಸರಿ. ಫೋಟೋ ಬೇಡ ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ನಿಮ್ಮ ಓವನ್ನಿಗಂತೂ ಇದೇ.

ಮಂಗಳವಾರ ರಾತ್ರಿ ಕುಯ್ಯಿರಿ. ಸಾರಿಗೆ ಕೊಚ್ಚುವ ಹಾಗೆ ಮಚ್ಚಿನಲ್ಲಿ ತುಂಡು ತುಂಡು ಮಾಡಬೇಡಿ. ಟರ್ಕಿ ಮೂಳೆ ಕೋಳಿಯದಕ್ಕಿಂತ ಗಟ್ಟಿ, ಚೂರುಗಳು ಬಾಯಿಗೆ ಸಿಗುತ್ತವೆ. ಕೀಲಿನಲ್ಲಿ ಮಾತ್ರ ಬಿಡಿಸಿ. ಕಾಲನ್ನು ಹೊರಕ್ಕೆ ಎಳೆದು ಹಿಂದಕ್ಕೆ ಬಗ್ಗಿಸಿದರೆ ತೊಡೆಯ ಗುಂಡು ಮೂಳೆ ಗೂಡಿನಿಂದ ಹೊರಗೆ ಬರುತ್ತದೆ. ಅಲ್ಲಿ ಚಾಕು ಹಾಕಿ. ಹೀಗೆ ಎರಡು ಕಾಲು, ಎರಡು ರೆಕ್ಕೆ. ಬೆನ್ನುಮೂಳೆ ಕತ್ತರಿಯಲ್ಲಿ ತೆಗೆಯಿರಿ. ಎದೆಯನ್ನು ಮೂಳೆ ಸಮೇತ ಒಂದೇ ತುಂಡಾಗಿ ಬಿಡಿ. ಎಲ್ಲಕ್ಕೂ ಉಪ್ಪು ಹಚ್ಚಿ ಫ್ರಿಜ್‌ಗೆ.

ಬುಧವಾರ ಕಾಲು, ತೊಡೆ, ರೆಕ್ಕೆ. ದಪ್ಪ ತಳದ ಪಾತ್ರೆಯಲ್ಲಿ ಚರ್ಮ ಕೆಂಪಾಗುವವರೆಗೆ ಬಾಡಿಸಿ ತೆಗೆಯಿರಿ. ಅದೇ ಕೊಬ್ಬಿಗೆ ಈರುಳ್ಳಿ, ಶುಂಠಿ ಬೆಳ್ಳುಳ್ಳಿ, ಮೆಣಸು, ಚೂರು ಚಕ್ಕೆ, ಟೊಮೇಟೊ. ಬೆನ್ನುಮೂಳೆ ಬೇಯಿಸಿದ ನೀರು ಕಾಲಿನ ಅರ್ಧ ಮುಳುಗುವಷ್ಟು, ಚರ್ಮ ಮೇಲಕ್ಕೆ ಇರಲಿ. ಮುಚ್ಚಳ ಹಾಕಿ 325ರ ಓವನ್ನಿನಲ್ಲಿ ಎರಡು ಗಂಟೆ. ಇದು ಒಣಗುವ ಮಾತೇ ಇಲ್ಲ, 190ಕ್ಕೆ ಹೋದರೂ ಮೆತ್ತಗೇ ಇರುತ್ತದೆ. ಟರ್ಕಿ ಕಾಲಿನ ಒಳಗೆ ತೆಂಗಿನಗರಿ ಕಡ್ಡಿಯ ಹಾಗಿನ ಗಟ್ಟಿ ನರಗಳಿರುತ್ತವೆ. ಕೋಳಿಯಲ್ಲಿ ಇವು ನಮಗೆ ಗೊತ್ತೇ ಆಗುವುದಿಲ್ಲ. ಬೆಂದ ಮೇಲೆ ತುದಿ ಹಿಡಿದು ಎಳೆದರೆ ಸಲೀಸಾಗಿ ಬರುತ್ತವೆ. ಬಡಿಸುವ ಮೊದಲು ತೆಗೆದುಬಿಡಿ, ಅದು ಹಲ್ಲಿಗೆ ಸಿಕ್ಕಿದರೆ ಅತ್ತೆ ಸುಮ್ನೆ ಬಿಡುವುದಿಲ್ಲ. ಮಾರನೇ ದಿನಕ್ಕೆ ಇದರ ರುಚಿ ಇನ್ನೂ ಜಾಸ್ತಿ. ಒಲೆ ಮೇಲೆ ಕುದಿ ಬರುವವರೆಗೆ ಬಿಸಿ ಮಾಡಿದರೆ ಮುಗಿಯಿತು.

ಗುರುವಾರ ಓವನ್ ಪೂರ್ತಿ ಎದೆಗೆ. ಚರ್ಮದ ಕೆಳಗೆ ಆ ಮೆಣಸಿನ ಬೆಣ್ಣೆ. 325 ಡಿಗ್ರಿ, ಸುಮಾರು ಎರಡು ಗಂಟೆ. ಒಂದೂವರೆ ಗಂಟೆಯಿಂದಲೇ ಚುಚ್ಚಿ ನೋಡಲು ಶುರು ಮಾಡಿ. ಚರ್ಮ ಬಿಳಿಚಿದ್ದರೆ ಕೊನೆಯ ಹತ್ತು ನಿಮಿಷ ಉರಿ 425ಕ್ಕೆ ಏರಿಸಿ. ಉಳಿದ ವಿಷಯ ಮೊದಲೇ ಹೇಳಿದ್ದೇನೆ, 160, ಅರ್ಧ ಗಂಟೆ ವಿರಾಮ, 165. ಎದೆಯನ್ನು ಮೂಳೆಯಿಂದ ಇಡಿಯಾಗಿ ಬಿಡಿಸಿ, ಎಳೆಗೆ ಅಡ್ಡಲಾಗಿ ಬಿಲ್ಲೆ ಬಿಲ್ಲೆಯಾಗಿ ಕುಯ್ದು ದೊಡ್ಡ ತಟ್ಟೆಯಲ್ಲಿ ಜೋಡಿಸಿ, ನಡುವೆ ಕಾಲುಗಳನ್ನಿಡಿ. ಬಂದವರಿಗೆ ಅಮೆರಿಕದ ಊಟವೂ ಆಯಿತು.

ಬಂಟ್ವಾಳದ ಬಾಯಮ್ಮ ಅವರಿಗೆ: ನಿಮ್ಮ ಬ್ಯಾಗಿನ ವಿರುದ್ಧ ನನ್ನದೇನೂ ಇಲ್ಲ. ಗ್ರೇವಿಗೆ ಅಷ್ಟು ರಸ ನನ್ನ ತಟ್ಟೆಯಲ್ಲಿ ಯಾವತ್ತೂ ಬೀಳುವುದಿಲ್ಲ. ಆದರೆ ಚರ್ಮ ತಿನ್ನದ ಮನೆಯ ಊಟಕ್ಕೆ ನಾನು ಬರುವುದಿಲ್ಲ.


ಬಂಟ್ವಾಳದ_ಬಾಯಮ್ಮ

ಬರಬೇಡಿ. ಕೋರಿ ರೊಟ್ಟಿ ಮಾಡಿದಾಗ ಕರೆಯುತ್ತೇನೆ, ಆಗ ನೀವೇ ಓಡಿ ಬರುತ್ತೀರಿ.


ಹಾಸನದ_ಸೊಸೆ

ಅತ್ತೆಯ ಮುಖ ನೋಡಬೇಕಿತ್ತು! ಕಾಲಿನ ಮಸಾಲೆ ನಾನೇ ರುಬ್ಬುತ್ತೇನೆ ಅಂತ ಈಗಲೇ ಹೇಳಿದ್ದಾರೆ. ಕೊನೆಯ ಪ್ರಶ್ನೆ. ತಿನ್ನುವವರು ಏಳೇ ಜನ. ಉಳಿದೇ ಉಳಿಯುತ್ತದೆ. ಶುಕ್ರವಾರ ಬಿರಿಯಾನಿ ಮಾಡಬಹುದಾ?


ಮದ್ದೂರಿನವ

ಮಾಡಿ. ಹಸಿ ತೂಕದಲ್ಲಿ ತಲೆಗೆ ಒಂದೂವರೆ ಪೌಂಡ್ ಅಂತ ಹಿಡಿದರೂ ನಿಮಗೆ ಮೂರೂವರೆ ಪೌಂಡು ಜಾಸ್ತಿಯೇ ಇದೆ. ಬಿರಿಯಾನಿಗೆ ತೊಡೆ ಮಾಂಸ ಎತ್ತಿಡಿ, ಎದೆ ಬೇಡ. ಬೆಂದ ಎದೆ ದಮ್ಮಿನಲ್ಲಿ ಮತ್ತೆ ಬೆಂದರೆ ಹತ್ತಿ. ಅದನ್ನು ತಣ್ಣಗೇ ಸ್ಯಾಂಡ್‌ವಿಚ್‌ಗೆ ಹಾಕಿ. ಊಟ ಮುಗಿದು ಮಾತಿಗೆ ಕೂರುವ ಮೊದಲೇ, ಎರಡು ಗಂಟೆಯೊಳಗೆ, ಮೂಳೆಯಿಂದ ಬಿಡಿಸಿ ಅಗಲವಾದ ಡಬ್ಬಿಗಳಲ್ಲಿ ಫ್ರಿಜ್‌ಗೆ ಸೇರಿಸಿ. ಮೂರು ನಾಲ್ಕು ದಿನ ಇರುತ್ತದೆ, ಇನ್ನೂ ಉಳಿದರೆ ಫ್ರೀಜರ್. ಬಿರಿಯಾನಿಯ ಅನ್ನವನ್ನು ನೀರಲ್ಲಿ ಬೇಯಿಸಬೇಡಿ, ಎದೆಯ ಮೂಳೆಗೂಡು ಕುದಿಸಿದ ನೀರಲ್ಲಿ ಬೇಯಿಸಿ. ಥರ್ಮಾಮೀಟರ್ ಮಾತ್ರ ಇವತ್ತೇ ತಂದುಬಿಡಿ. ಬುಧವಾರ ಹೋದರೆ ಅಂಗಡಿಯಲ್ಲಿ ಖಾಲಿಯಾಗಿರುತ್ತದೆ.